ಎರಡು ಲ್ಯಾಬ್, ಎರಡು ನಂಬರ್: ಕುತ್ತಿಗೆ ಡಾಪ್ಲರ್‌ನಲ್ಲಿ 142ನ್ನು ನಂಬೋದಾ, 118ನ್ನಾ?

ಬಯಲುಸೀಮೆಯವನು
ಅಪ್ಪನಿಗೆ ಎಪ್ಪತ್ತು ದಾಟಿದೆ. ಶುಗರ್, ಬಿಪಿ ಎರಡೂ ಇದೆ. ತಲೆಸುತ್ತು ಅಂದರು ಅಂತ ಕುತ್ತಿಗೆ ರಕ್ತನಾಳದ ಡಾಪ್ಲರ್ (ರಕ್ತದ ವೇಗ ಅಳೆಯುವ ಅಲ್ಟ್ರಾಸೌಂಡ್ ಸ್ಕ್ಯಾನ್) ಮಾಡಿಸಿದೆವು. ಬಲಗಡೆ ಐಸಿಎ (ಮೆದುಳಿಗೆ ಹೋಗುವ ಕವಲು) ಪಿಎಸ್‌ವಿ (ಹೃದಯ ಬಡಿದಾಗ ರಕ್ತ ಮುಟ್ಟುವ ಗರಿಷ್ಠ ವೇಗ) 142 ಸೆಂ.ಮೀ./ಸೆ., ಅಂದರೆ 50–69% ಕಿರಿದಾಗಿದೆ ಅಂತ ರಿಪೋರ್ಟ್ ಬಂತು. ಮನೆಯವರೆಲ್ಲ ಗಾಬರಿ. ಅದೇ ತಿಂಗಳು ಇನ್ನೊಂದು ಕಡೆ ಮಾಡಿಸಿದರೆ 118, 50%ಗಿಂತ ಕಡಿಮೆ! ಒಂದೇ ಕುತ್ತಿಗೆ, ಒಂದೇ ರಕ್ತನಾಳ. ಯಾರೋ ಒಬ್ಬರು ತಪ್ಪು ಮಾಡಿದ್ದಾರೆ ಅಲ್ವಾ? ಯಾವುದನ್ನು ನಂಬಲಿ? ಲ್ಯಾಬ್ ಹೆಸರು ಹಾಕುವುದಿಲ್ಲ, ಜಗಳಕ್ಕೆ ಬಂದಿಲ್ಲ.

ಪ್ರೋಬ್ ಹಿಡಿದ ಕೈ
ಊರು ಶಿವಮೊಗ್ಗ, ಕೆಲಸ ಇಂಗ್ಲೆಂಡಿನಲ್ಲಿ. ದಿನವಿಡೀ ಇದೇ ಸ್ಕ್ಯಾನ್ ಮಾಡುತ್ತೇನೆ. ಇಬ್ಬರೂ ತಪ್ಪು ಮಾಡದೆಯೂ ಈ ಎರಡು ನಂಬರ್ ಬರಬಹುದು. ಸ್ಕ್ಯಾನ್ ಫಿಲಂ ಅಥವಾ ಸಿಡಿ ಕೊಟ್ಟಿದ್ದರೆ ಆ ಚಿತ್ರಗಳಲ್ಲಿ ಮೂಲೆಯಲ್ಲಿ ಒಂದು ಕೋನ ಬರೆದಿರುತ್ತದೆ, ಡಿಗ್ರಿಯಲ್ಲಿ. ಎರಡರಲ್ಲೂ ಅದೆಷ್ಟಿದೆ ನೋಡಿ ಹೇಳಿ. ಜೊತೆಗೆ ಸಿಸಿಎ, ಅಂದರೆ ಕೆಳಗಿನ ಮೂಲ ನಾಳದ ಪಿಎಸ್‌ವಿ ಎಷ್ಟು ಅಂತಲೂ ಹಾಕಿ.

ಬಯಲುಸೀಮೆಯವನು
ಮೊದಲನೆಯದರಲ್ಲಿ 60 ಡಿಗ್ರಿ, ಎರಡನೆಯದರಲ್ಲಿ 53. ಸಿಸಿಎ ಮೊದಲನೆಯದು 78, ಎರಡನೆಯದು 66. ಈ ಕೋನ ಯಾರು ಹಾಕುವುದು? ಯಂತ್ರ ತಾನೇ ಅಳೆಯುವುದಿಲ್ಲವಾ?

ಪ್ರೋಬ್ ಹಿಡಿದ ಕೈ
ಇಲ್ಲ, ಕೈಯಲ್ಲಿ ಹಾಕುವುದು. ಇಡೀ ಗಲಾಟೆಯ ಬೇರು ಅಲ್ಲೇ ಇದೆ.

ಯಂತ್ರ ನಿಜವಾಗಿ ಅಳೆಯುವುದು ವೇಗವನ್ನಲ್ಲ. ಕಳಿಸಿದ ಶಬ್ದದ ಆವರ್ತನಕ್ಕೂ ರಕ್ತಕಣಗಳಿಂದ ವಾಪಸ್ ಬಂದ ಶಬ್ದದ ಆವರ್ತನಕ್ಕೂ ಇರುವ ವ್ಯತ್ಯಾಸವನ್ನು. 5 ಮೆಗಾಹರ್ಟ್ಸ್ ಪ್ರೋಬ್ (ಮೈಗೆ ಒತ್ತಿ ಹಿಡಿಯುವ ಸ್ಕ್ಯಾನ್ ಉಪಕರಣ), ಸೆಕೆಂಡಿಗೆ ಒಂದು ಮೀಟರ್ ಹರಿವು, 60 ಡಿಗ್ರಿ ಕೋನ ಇದ್ದರೆ ಆ ವ್ಯತ್ಯಾಸ ಸುಮಾರು 3250 ಹರ್ಟ್ಸ್. ಅದು ನಮ್ಮ ಕಿವಿಗೆ ಕೇಳುವ ಶಬ್ದ. ಸ್ಕ್ಯಾನ್ ರೂಮಿನಲ್ಲಿ ಸ್ಪೀಕರಿನಿಂದ "ವುಶ್ ವುಶ್" ಅಂತ ಬರುತ್ತಲ್ಲ, ಅದೇ. ನಿಜವಾದ ಅಳತೆ ಆ ಸದ್ದು. ಸೆಂ.ಮೀ./ಸೆ. ಅನ್ನುವುದು ಆಮೇಲೆ ಮಾಡಿದ ಲೆಕ್ಕ.

ಆ ಲೆಕ್ಕಕ್ಕೆ ಶಬ್ದದ ಕಿರಣ ರಕ್ತದ ಹರಿವಿಗೆ ಎಷ್ಟು ಓರೆಯಾಗಿದೆ ಅಂತ ಗೊತ್ತಾಗಬೇಕು. ಅದಕ್ಕೆ ಪರದೆ ಮೇಲೆ ಒಂದು ಪುಟ್ಟ ಗೆರೆ ಇರುತ್ತದೆ. ಗುಂಡಿ ತಿರುಗಿಸಿ ಅದನ್ನು ನಾಳದ ಗೋಡೆಗೆ ಸಮಾನಾಂತರವಾಗಿ ಕೂರಿಸಬೇಕು. ಯಂತ್ರ ಆ ಕೋನದ ಕೊಸೈನ್‌ನಿಂದ ಭಾಗಿಸಿ ವೇಗ ತೋರಿಸುತ್ತದೆ.

ನಿಮ್ಮ ನಂಬರ್ ಹಾಕಿ ನೋಡಿ. 142 ಗುಣಿಸು 60ರ ಕೊಸೈನ್ (0.5) ಅಂದರೆ 71. ಅದೇ 71ನ್ನು 53ರ ಕೊಸೈನ್ (0.602) ನಿಂದ ಭಾಗಿಸಿದರೆ 118. ಎರಡೂ ಯಂತ್ರಕ್ಕೆ ಕೇಳಿದ್ದು ಹೆಚ್ಚುಕಡಿಮೆ ಒಂದೇ ಸದ್ದು. ಬೇರೆ ಆಗಿದ್ದು ಗೆರೆ ಮಾತ್ರ.

ಸಂಶಯ ಸೋಮ
ಸೂಪರ್. ಹಾಗಾದ್ರೆ 7 ಡಿಗ್ರಿ ಗೆರೆ ಅಲ್ಲಾಡಿದ್ದಕ್ಕೆ ಒಬ್ಬ ಮನುಷ್ಯ ರೋಗಿ ಆದ, ಇನ್ನೊಂದು ಕಡೆ ಆಗಲಿಲ್ಲ. ಈ ಟೆಸ್ಟಿಗೆ ದುಡ್ಡು ಯಾಕೆ ಕೊಡಬೇಕು?

ರೇಡಿಯಾಲಜಿ ಡ್ಯೂಟಿ
ಸೋಮ, ಸ್ವಲ್ಪ ತಡ್ಕೊಳ್ಳಿ. ಪ್ರೋಬ್ ಅವರ ಲೆಕ್ಕ ಸರಿ, ಆದರೆ ಅದರಿಂದ ತೀರ್ಮಾನಕ್ಕೆ ಹಾರುವ ಹಾಗಿಲ್ಲ. 60 ಮತ್ತು 53 ಅನ್ನುವುದು ಬೇರೆ ಬೇರೆ ಇರುವುದೇ ತಪ್ಪಲ್ಲ. ಪ್ರೋಬ್ ಬೇರೆ ರೀತಿ ವಾಲಿಸಿದರೆ ನಿಜವಾದ ಕೋನವೂ ಬದಲಾಗುತ್ತದೆ, ಸದ್ದೂ ಬದಲಾಗುತ್ತದೆ, ಕೊನೆಗೆ ವೇಗ ಒಂದೇ ಬರಬೇಕು. ಇಲ್ಲಿ ಸದ್ದು ಒಂದೇ ಇದ್ದು ಕೋನ ಮಾತ್ರ ಬೇರೆ ಇರುವುದರಿಂದ ಒಂದರಲ್ಲಿ ಗೆರೆ ಗೋಡೆಗೆ ಸರಿಯಾಗಿ ಕೂತಿಲ್ಲ ಅನ್ನುವ ಅನುಮಾನ ಬರುತ್ತದೆ, ಅಷ್ಟೆ. ಎರಡು ದಿನದಲ್ಲಿ ಬಿಪಿ, ನಾಡಿಮಿಡಿತ ಬೇರೆ ಇದ್ದರೂ ವೇಗ ಬದಲಾಗುತ್ತದೆ. ಎರಡೂ ಚಿತ್ರದಲ್ಲಿ ಗೆರೆ ನಾಳದ ಗೋಡೆಗೆ ಸಮಾನಾಂತರ ಇದೆಯಾ ಅಂತ ಕಣ್ಣಿನಿಂದಲೇ ನೋಡಬಹುದು, ಡಾಕ್ಟರ್ ಆಗಬೇಕಿಲ್ಲ.

ಇನ್ನು ಒಂದು ಲ್ಯಾಬ್ 50–69%, ಇನ್ನೊಂದು 50%ಗಿಂತ ಕಡಿಮೆ ಅಂದಿದ್ದು 125 ಅನ್ನುವ ಗಡಿ ಇಟ್ಟುಕೊಂಡು. ಈ 125 ಎಲ್ಲಿಂದ ಬಂತು? ಅಮೆರಿಕದ ಅಲ್ಟ್ರಾಸೌಂಡ್ ರೇಡಿಯಾಲಜಿಸ್ಟರ ಸಂಘ ಒಂದು ಸಭೆ ಕರೆದು 2003ರಲ್ಲಿ ಪ್ರಕಟಿಸಿದ ಒಪ್ಪಂದ ಅದು. ಪಿಎಸ್‌ವಿ 125ರ ಒಳಗಿದ್ದರೆ 50%ಗಿಂತ ಕಡಿಮೆ, 125ರಿಂದ 230 ಇದ್ದರೆ 50–69%, 230 ದಾಟಿದರೆ 70% ಅಥವಾ ಜಾಸ್ತಿ. ತಜ್ಞರು ಕೂತು ಒಪ್ಪಿಕೊಂಡು ಎಳೆದ ಗೆರೆ ಇದು, ದೇಹದೊಳಗೆ 125ರಲ್ಲಿ ಯಾವ ಬಾಗಿಲೂ ಇಲ್ಲ. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ, ಐಸಿಎ ಭಾಗಿಸು ಸಿಸಿಎ. ಅದು 2ಕ್ಕಿಂತ ಕಡಿಮೆ ಇದ್ದರೆ 50%ಗಿಂತ ಕಡಿಮೆ ಕಡೆಗೆ, 4 ದಾಟಿದರೆ 70%ರ ಕಡೆಗೆ. ನಿಮ್ಮ ತಂದೆಯದು 142/78 ಅಂದರೆ 1.82. ಇನ್ನೊಂದು 118/66 ಅಂದರೆ 1.79. ಜಗಳ ಆಡುತ್ತಿದ್ದ ಎರಡು ರಿಪೋರ್ಟ್ ಇಲ್ಲಿ ಒಂದಾದವು ನೋಡಿ.

ಎರಡರಲ್ಲೂ ಪ್ಲಾಕ್ (ನಾಳದ ಗೋಡೆಗೆ ಕಟ್ಟಿದ ಕೊಬ್ಬಿನ ಪದರ) ಎಷ್ಟು ದಪ್ಪ ಅಂತ ಬರೆದಿದ್ದಾರಾ? ಬರೀ ವೇಗ ನೋಡಿ ಶೇಕಡಾ ಹೇಳುವುದಲ್ಲ, ಕಪ್ಪು-ಬಿಳುಪು ಚಿತ್ರದಲ್ಲಿ ಪ್ಲಾಕ್ ಕೂಡ ನೋಡಬೇಕು. ಇನ್ನೊಂದು ಮಾತು: ಬರೀ ತಲೆಸುತ್ತಿಗೆ ಈ ನಾಳ ಕಾರಣ ಆಗುವುದು ಕಡಿಮೆ. ಅದನ್ನು ನಿಮ್ಮ ಡಾಕ್ಟರ್ ಹತ್ತಿರ ಬೇರೆಯಾಗಿಯೇ ಕೇಳಿ.

ಬಯಲುಸೀಮೆಯವನು
ಎರಡನ್ನೂ ದೊಡ್ಡದು ಮಾಡಿ ನೋಡಿದೆ. ಮೊದಲನೆಯದರಲ್ಲಿ ಗೆರೆ ಗೋಡೆಯ ಜೊತೆಗೇ ಹೋಗುತ್ತಿದೆ ಅನಿಸುತ್ತದೆ. ಎರಡನೆಯದರಲ್ಲಿ ನಾಳ ಸ್ವಲ್ಪ ಬಾಗಿದೆ, ಗೆರೆ ಅದನ್ನು ಅಡ್ಡ ಕತ್ತರಿಸುತ್ತಿದೆ. ಪ್ಲಾಕ್ ಇಬ್ಬರೂ ಬರೆದಿದ್ದಾರೆ, "ಸಣ್ಣದು, ಗೋಡೆಗೆ ಅಂಟಿದ್ದು" ಅಂತ.

ತಂತಿ ತೊಟ್ಟಿ
ಬಯೋಮೆಡಿಕಲ್ ಎಂಜಿನಿಯರ್ ಇಲ್ಲಿ, ಬೆಂಗಳೂರು. 60 ಡಿಗ್ರಿಯಲ್ಲಿ ಈ ಗೆರೆ ಎಷ್ಟು ಅಪಾಯ ಅಂತ ಸುಮ್ನೆ ಲೆಕ್ಕ ಹಾಕಿ. ನಿಜವಾದ ಕೋನ 60 ಇದ್ದು 65 ಅಂತ ಹಾಕಿದರೆ ವೇಗ 18% ಜಾಸ್ತಿ ಬರುತ್ತದೆ. ಅದೇ 5 ಡಿಗ್ರಿ ತಪ್ಪು 30ರಲ್ಲಿ ಆದರೆ ಬರೀ 6%. 70 ಇರುವ ಕಡೆ 75 ಹಾಕಿದರೆ 32%. 80 ಇರುವಲ್ಲಿ 85 ಹಾಕಿದರೆ ನಂಬರ್ ಡಬಲ್! ಕೊಸೈನ್ 90ರ ಹತ್ತಿರ ಸೊನ್ನೆಗೆ ಬೀಳುತ್ತೆ, ಸೊನ್ನೆಯ ಹತ್ತಿರದ್ದರಿಂದ ಭಾಗಿಸಿದರೆ ಇನ್ನೇನಾಗುತ್ತೆ. ಅದಕ್ಕೇ 60 ದಾಟಬೇಡಿ ಅನ್ನುವುದು.

ಆದರೆ ಎಲ್ಲರೂ ಕೋನಕ್ಕೇ ಬೈಯುತ್ತಿದ್ದೀರಿ. ಕೋನ ಸರಿಯಾಗಿ ಹಾಕಿದರೂ ಯಂತ್ರ ಜಾಸ್ತಿ ತೋರಿಸುತ್ತದೆ, ಅದು ಗೊತ್ತಾ? ಕುತ್ತಿಗೆಗೆ ಬಳಸುವ ಲೀನಿಯರ್ ಪ್ರೋಬ್ ಒಂದು ಬಿಂದುವಿನಿಂದ ಶಬ್ದ ಕಳಿಸುವುದಿಲ್ಲ. ಸಾಲಾಗಿ ಕೂರಿಸಿದ ಎಷ್ಟೋ ಎಲಿಮೆಂಟ್‌ಗಳು (ಶಬ್ದ ಹೊರಡಿಸುವ ಪುಟ್ಟ ತುಣುಕುಗಳು) ಒಟ್ಟಿಗೆ ಕಳಿಸುತ್ತವೆ. 8 ಮಿ.ಮೀ. ಅಗಲದ ಗುಂಪು, 40 ಮಿ.ಮೀ. ಆಳದಲ್ಲಿ ನಾಳ ಅಂದುಕೊಳ್ಳಿ. ನಡುವಿನ ಎಲಿಮೆಂಟ್‌ಗೆ ಕೋನ 60 ಇದ್ದರೆ ಒಂದು ಅಂಚಿನದಕ್ಕೆ 54ರ ಸುಮಾರು. ಆ ಅಂಚಿಗೆ ಅದೇ ರಕ್ತ ಜೋರಾಗಿ ಓಡಿದ ಹಾಗೆ ಕೇಳಿಸುತ್ತದೆ. ಪರದೆ ಮೇಲಿನ ವೇಗದ ಗ್ರಾಫ್ ದಪ್ಪ ಆಗುತ್ತದೆ. ಪಿಎಸ್‌ವಿ ಅಂತ ಅಳೆಯುವುದು ಗ್ರಾಫಿನ ಮೇಲಂಚನ್ನು. ಅಂದರೆ ಸುಮಾರು 17%ವರೆಗೆ ಪುಕ್ಕಟೆ ಸೇರ್ಪಡೆ. ಇದಕ್ಕೆ ಸ್ಪೆಕ್ಟ್ರಲ್ ಬ್ರಾಡನಿಂಗ್ ಅನ್ನುತ್ತಾರೆ. ಕಂಪನಿಗೊಂದು, ಪ್ರೋಬಿಗೊಂದು ಥರ ಇರುತ್ತದೆ. ಒಂದೇ ಕೈ, ಒಂದೇ ಕೋನ, ಎರಡು ಯಂತ್ರ ಇಟ್ಟರೂ ನಂಬರ್ ಬೇರೆ ಬರುವುದು ಇದರಿಂದ.

ಸಂಶಯ ಸೋಮ
ಇದನ್ನು ಯಾರಾದ್ರೂ ಅಳೆದು ನೋಡಿದ್ದಾರಾ ಅಥವಾ ಬರೀ ಕಾಗದದ ಮೇಲಿನ ಲೆಕ್ಕಾನಾ?

ತಂತಿ ತೊಟ್ಟಿ
ನನ್ನ ಹೆಸರೇ ಅದರಿಂದ ಬಂದಿದ್ದು! ಸ್ಟ್ರಿಂಗ್ ಫ್ಯಾಂಟಮ್ ಅಂತ ಇದೆ. ನೀರಿನ ತೊಟ್ಟಿ, ಒಳಗೆ ಎರಡು ರಾಟೆ, ಸುತ್ತ ಒಂದು ದಾರ, ಮೋಟಾರು. ರಾಟೆ ಎಷ್ಟು ದಪ್ಪ, ನಿಮಿಷಕ್ಕೆ ಎಷ್ಟು ಸುತ್ತು ಅಂತ ಗೊತ್ತಿದ್ದರೆ ದಾರದ ವೇಗ ಖಚಿತ. 40 ಮಿ.ಮೀ. ರಾಟೆ, 300 ಸುತ್ತು ಅಂದರೆ 63 ಸೆಂ.ಮೀ./ಸೆ. ರಕ್ತದ ಬದಲು ಆ ದಾರವನ್ನು ಸ್ಕ್ಯಾನ್ ಮಾಡಿ ಯಂತ್ರ ಏನು ಹೇಳುತ್ತೆ ನೋಡುವುದು. 60 ಡಿಗ್ರಿಯಲ್ಲಿ ಯಾವ ಯಂತ್ರದಲ್ಲೂ ನನಗೆ 63 ಬಂದಿಲ್ಲ, ಯಾವಾಗಲೂ ಮೇಲೆಯೇ. ಪ್ರೋಬ್ ವಾಲಿಸಿ 45ಕ್ಕೆ ತಂದರೆ ಹತ್ತಿರ ಬರುತ್ತದೆ.

ಒಂದು ಎಚ್ಚರಿಕೆ. ಯಂತ್ರ ಶಬ್ದದ ವೇಗ 1540 ಮೀ./ಸೆ. ಅಂದುಕೊಂಡೇ ಲೆಕ್ಕ ಹಾಕುತ್ತದೆ, ಅದು ಮೃದು ಅಂಗಾಂಶದ ಸರಾಸರಿ. ನಲ್ಲಿ ನೀರಿನಲ್ಲಿ 25 ಡಿಗ್ರಿ ಸೆಲ್ಸಿಯಸ್ ಬಿಸಿಗೆ 1497ರ ಸುಮಾರು. ಅಲ್ಲೇ 3% ಜಾಸ್ತಿ ಬಂತು. ಇದನ್ನು ಕಳೆಯದೆ ಯಂತ್ರದ ಮೇಲೆ ದೂರು ಬರೆದವರನ್ನು ಕಂಡಿದ್ದೇನೆ. ದಾರ ಸವೆದು ನಾರು ಎದ್ದರೂ ಗ್ರಾಫ್ ಹಾಳಾಗುತ್ತೆ.

ಇನ್ನೂ ಚೆನ್ನಾಗಿ ಮಾಡಬೇಕೆಂದರೆ ಫ್ಲೋ ಫ್ಯಾಂಟಮ್. ಗ್ಲಿಸರಾಲ್ ಬೆರೆಸಿದ ನೀರಿನಲ್ಲಿ ಸಣ್ಣ ನೈಲಾನ್ ಕಣ ತೇಲಿಸಿ, ರಕ್ತದಷ್ಟೇ ಮಂದ ಮಾಡಿ, ಪಂಪಿನಿಂದ ಹರಿಸುವುದು. 2001ರಲ್ಲಿ ಬಂದ ಐಇಸಿ 61685 ಅನ್ನುವ ಮಾನದಂಡ ಇದಕ್ಕೇ ಇರುವುದು. ಒಟ್ಟು ಹರಿವು ಸರಿಯಾ ಅಂತ ನೋಡಲು ಕೊನೆಗೆ ಬೇಕಾಗುವುದು ಅಳತೆ ಜಾಡಿ, ಸ್ಟಾಪ್‌ವಾಚ್. ಲಕ್ಷಗಟ್ಟಲೆ ಯಂತ್ರಕ್ಕೆ ಅಂತಿಮ ತೀರ್ಪು ಕೊಡುವುದು ಒಂದು ಜಾಡಿ. ಗಾಳಿಗುಳ್ಳೆ ಒಂದು ಸಿಕ್ಕಿಕೊಂಡರೆ ಅವತ್ತಿನ ಕೆಲಸ ಕೆಟ್ಟಿತು ಅಂತಲೇ.

ನಾನು ನೋಡಿದ ಕಡೆಗಳಲ್ಲಿ ವಾರ್ಷಿಕ ಸರ್ವಿಸ್‌ಗೆ ಬಂದವರು ಫ್ಯಾನ್ ಧೂಳು ತೆಗೆಯುತ್ತಾರೆ, ಪ್ರೋಬಿನಲ್ಲಿ ಸತ್ತ ಎಲಿಮೆಂಟ್ ಇದೆಯಾ ನೋಡುತ್ತಾರೆ. ವೇಗ ಸರಿಯಾ ಅಂತ ನೋಡಿದವರು ಅಪರೂಪ. ನಾವೇ ಯಂತ್ರವನ್ನು ತೊಟ್ಟಿ ಇರುವಲ್ಲಿಗೆ ಒಯ್ಯೋಣ ಅಂದರೆ ಪಿಸಿಪಿಎನ್‌ಡಿಟಿ ಕಾಯಿದೆ (ಭ್ರೂಣಲಿಂಗ ಪತ್ತೆ ತಡೆಯುವುದು) ಇದೆ, ನೋಂದಣಿ ಆದ ಜಾಗದಿಂದ ಸುಮ್ನೆ ಎತ್ತಿಕೊಂಡು ಹೋಗುವ ಹಾಗಿಲ್ಲ. ಕಾಯಿದೆ ಬೇಕು, ಅದರ ಬಗ್ಗೆ ತಕರಾರಿಲ್ಲ. ತೊಟ್ಟಿಯೇ ಯಂತ್ರದ ಹತ್ತಿರ ಹೋಗಬೇಕು ಅಷ್ಟೆ, ಆಟೋದಲ್ಲಿ ನೀರು ತುಳುಕಿಸಿಕೊಂಡು.

ಗಣಿತದ ಮೇಷ್ಟ್ರು
ಒಂದು ಪ್ರಶ್ನೆ. ರಕ್ತದಲ್ಲಿ ಶಬ್ದದ ವೇಗ 1540 ಅಲ್ಲವಲ್ಲ, 1570ರ ಮೇಲೆ ಇರುತ್ತದೆ. ಅಲ್ಲೂ ತಪ್ಪು ಬರಬೇಕಲ್ಲ?

ತಂತಿ ತೊಟ್ಟಿ
ಮೇಷ್ಟ್ರೇ, ಇದು ನನಗೆ ತುಂಬಾ ಇಷ್ಟವಾದ ಜಾಗ. ಬರುವುದಿಲ್ಲ. ಕಿರಣ ನಾಳದ ಗೋಡೆ ದಾಟುವಾಗ ಬಾಗುತ್ತದೆ, ನಿಜವಾದ ಕೋನ ಬದಲಾಗುತ್ತದೆ. ಆದರೆ ಸ್ನೆಲ್ ನಿಯಮದ ಪ್ರಕಾರ ಕೋನದ ಕೊಸೈನ್ ಭಾಗಿಸು ಶಬ್ದದ ವೇಗ ಅನ್ನುವುದು ಗೋಡೆಯ ಆಚೆಗೂ ಈಚೆಗೂ ಒಂದೇ (ಇಲ್ಲಿ ಕೋನವನ್ನು ಗೋಡೆಯಿಂದ ಅಳೆಯುತ್ತೇವೆ, ಲಂಬದಿಂದ ಅಲ್ಲ, ಹಾಗಾಗಿ ಸೈನ್ ಬದಲು ಕೊಸೈನ್). ಡಾಪ್ಲರ್ ಸೂತ್ರದಲ್ಲಿ ಇರುವುದೂ ಅದೇ ಅನುಪಾತ. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕುತ್ತವೆ. ಹರಿವು ಗೋಡೆಗೆ ಸಮಾನಾಂತರವಾಗಿ ಇರಬೇಕು, ಅದೊಂದೇ ಷರತ್ತು. ತೊಟ್ಟಿಯ ದಾರಕ್ಕೆ ಈ ರಿಯಾಯಿತಿ ಇಲ್ಲ, ಅದಕ್ಕೆ ಗೋಡೆಯೇ ಇಲ್ಲ.

ಎಕೋ ರೂಮ್ ಮಂಗಳೂರು
ನೀವೆಲ್ಲ ಕುತ್ತಿಗೆಯಲ್ಲೇ ನಿಂತುಬಿಟ್ಟಿರಿ. ಹೃದಯಕ್ಕೆ ಬನ್ನಿ ಮಾರಾಯ್ರೆ. ನಾವು ಕೋನ ಸರಿಪಡಿಸುವ ಗೆರೆ ಮುಟ್ಟುವುದೇ ಇಲ್ಲ. ಮಹಾಪಧಮನಿಯ ಕವಾಟ ಕಿರಿದಾಗಿದ್ದರೆ (ಎಎಸ್) ಅದರ ಮೂಲಕ ಚಿಮ್ಮುವ ರಕ್ತ ಯಾವ ದಿಕ್ಕಿಗೆ ಹೋಗುತ್ತದೆ ಅಂತ ಚಿತ್ರದಲ್ಲಿ ಕಾಣುವುದಿಲ್ಲ. ಹಾಗಾಗಿ ಕೋನ ಸೊನ್ನೆ ಅಂದುಕೊಂಡು, ಎದೆಯ ಮೇಲಿನ ಬೇರೆ ಬೇರೆ ಜಾಗದಿಂದ (ನಾವು ಕಿಟಕಿ ಅನ್ನುತ್ತೇವೆ) ನೋಡಿ, ಯಾವುದು ಎಲ್ಲಕ್ಕಿಂತ ಜಾಸ್ತಿ ಬಂತೋ ಅದನ್ನು ಬರೆಯುವುದು. ನಮ್ಮ ತಪ್ಪು ಹೆಚ್ಚಾಗಿ ಒಂದೇ ಕಡೆಗೆ, ಕಡಿಮೆ ತೋರಿಸುವ ಕಡೆಗೆ.

ಅದು ಸಣ್ಣ ವಿಷಯ ಅಲ್ಲ. ಸೆಕೆಂಡಿಗೆ 4 ಮೀಟರ್ ದಾಟಿದರೆ ತೀವ್ರ ಎಎಸ್. ಒತ್ತಡದ ವ್ಯತ್ಯಾಸ ತಿಳಿಯಲು ವೇಗದ ವರ್ಗಕ್ಕೆ 4ರಿಂದ ಗುಣಿಸುತ್ತೇವೆ. 4 ಮೀಟರಿಗೆ 64 ಮಿ.ಮೀ. ಪಾದರಸ. 25 ಡಿಗ್ರಿ ಓರೆಯಾಗಿ ನೋಡಿದಿರಿ ಅನ್ನಿ, ವೇಗ 3.6 ಬರುತ್ತದೆ, ಒತ್ತಡ 53ಕ್ಕೆ ಇಳಿಯುತ್ತದೆ. ವೇಗದಲ್ಲಿ 9% ಹೋದರೆ ಒತ್ತಡದಲ್ಲಿ 18% ಹೋಯಿತು. ಆಪರೇಷನ್ ಬೇಕಾದವರನ್ನು "ಮಧ್ಯಮ, ಆರು ತಿಂಗಳು ಬಿಟ್ಟು ಬನ್ನಿ" ಅಂತ ಕಳಿಸಿದ ಹಾಗಾಯಿತು.

ಎದೆಯ ತುದಿಯಿಂದ, ಅಂದರೆ ಎಪಿಕಲ್ ಕಿಟಕಿಯಿಂದ ಮಾತ್ರ ನೋಡಿ ಮುಗಿಸುವ ಅಭ್ಯಾಸ ಇದೆಯಲ್ಲ, ಅದು ಹೋಗಬೇಕು. ರೋಗಿಯನ್ನು ಬಲ ಮಗ್ಗುಲಿಗೆ ಮಲಗಿಸಿ, ಎದೆಮೂಳೆಯ ಬಲಗಡೆಯಿಂದ ಚಿಕ್ಕ ಪೆನ್ಸಿಲ್ ಪ್ರೋಬ್ ಇಟ್ಟು ನೋಡಬೇಕು. ಅದರಲ್ಲಿ ಚಿತ್ರ ಬರುವುದಿಲ್ಲ, ಬರೀ ಸದ್ದು. ಆ ಸದ್ದು ಕೇಳಿಕೊಂಡೇ ಕೈ ಅಲುಗಿಸುತ್ತಾ ಹುಡುಕುವುದು. ಸರಿಯಾದ ಜಾಗ ಸಿಕ್ಕಿದ ಕೂಡಲೆ ಗೊರಗೊರ ಹೋಗಿ ಸದ್ದು ಶುದ್ಧ ಆಗುತ್ತದೆ, ಸಿಳ್ಳೆಯ ಹಾಗೆ ಏರುತ್ತದೆ. ಹೊರಗೆ ಕ್ಯೂ ಇದ್ದಾಗ ಮೊದಲು ಬಿಟ್ಟುಹೋಗುವುದೂ ಇದೇ.

ಪ್ರೋಬ್ ಹಿಡಿದ ಕೈ
ಎಕೋ ರೂಮ್, ಜಾಸ್ತಿ ಬರುವ ತಪ್ಪೂ ಒಂದಿದೆ ಅಲ್ವಾ? ಪಕ್ಕದ ಮೈಟ್ರಲ್ ಕವಾಟದಿಂದ ಹಿಂದಕ್ಕೆ ಸೋರುವ ರಕ್ತದ ಜೆಟ್ (ಚಿಲುಮೆ) ಸಿಕ್ಕಿಬಿಡುವುದು?

ಎಕೋ ರೂಮ್ ಮಂಗಳೂರು
ಹೌದು ಮೇಡಂ, ಎಪಿಕಲ್‌ನಲ್ಲಿ ಎರಡೂ ಪಕ್ಕಪಕ್ಕ ಇರುತ್ತವೆ. 5 ಮೀಟರ್ ಸಿಕ್ಕಿತು ಅಂತ ಖುಷಿಪಡುವ ಮೊದಲು ಗ್ರಾಫ್ ಎಷ್ಟು ಹೊತ್ತು ಇದೆ ನೋಡಬೇಕು. ಮೈಟ್ರಲ್ ಸೋರಿಕೆ ಬೇಗ ಶುರುವಾಗಿ ತಡವಾಗಿ ಮುಗಿಯುತ್ತದೆ. ಇನ್ನು ಕವಾಟದ ವಿಸ್ತೀರ್ಣ ಲೆಕ್ಕ ಹಾಕುವಾಗ ಕವಾಟದ ಕೆಳಗಿನ ದಾರಿಯ ವ್ಯಾಸ ಬೇಕು, ಅದರ ವರ್ಗ ತೆಗೆದುಕೊಳ್ಳುತ್ತೇವೆ. 2.0 ಸೆಂ.ಮೀ. ಇರುವುದನ್ನು 1.8 ಅಂತ ಅಳೆದರೆ ವಿಸ್ತೀರ್ಣ 19% ಕಡಿಮೆ. ಎರಡು ಮಿಲಿಮೀಟರಿಗೆ! ನನ್ನ ಕೇಳಿದರೆ ಡಾಪ್ಲರ್‌ಗಿಂತ ಆ ಸ್ಕೇಲೇ ಜಾಸ್ತಿ ಮೋಸ ಮಾಡುತ್ತದೆ.

ಡಯಾಲಿಸಿಸ್ ಅಣ್ಣ
ಇದನ್ನು ನಾನೂ ಹೇಳಬೇಕು ಅಂತಿದ್ದೆ. ಫಿಸ್ಟುಲಾ (ಡಯಾಲಿಸಿಸ್‌ಗಾಗಿ ತೋಳಿನಲ್ಲಿ ಅಪಧಮನಿ, ಅಭಿಧಮನಿ ಜೋಡಿಸಿ ಮಾಡುವ ನಾಳ) ತಯಾರಾಯಿತಾ ಅಂತ ನೋಡಲು ನಿಮಿಷಕ್ಕೆ 600 ಮಿ.ಲೀ. ಹರಿವು ಬೇಕು ಅನ್ನುತ್ತಾರೆ. ಆ ಹರಿವು ಅಂದರೆ ವೇಗ ಗುಣಿಸು ನಾಳದ ಅಡ್ಡಕೊಯ್ತದ ವಿಸ್ತೀರ್ಣ. 5 ಮಿ.ಮೀ.ಯನ್ನು 5.5 ಅಂತ ಅಳೆದರೆ 21% ಜಾಸ್ತಿ. ಫಿಸ್ಟುಲಾ ಚರ್ಮದ ಕೆಳಗೇ ಇರುತ್ತದೆ, ಪ್ರೋಬ್ ಸ್ವಲ್ಪ ಒತ್ತಿದರೂ ಸಾಕು ಚಪ್ಪಟೆ ಆಗುತ್ತದೆ. ಅದಕ್ಕೇ ತೋಳಿನ ಮೇಲ್ಭಾಗದ ಬ್ರೇಕಿಯಲ್ ಅಪಧಮನಿಯಲ್ಲಿ ಅಳೆಯುವುದು. ಅದು ದುಂಡಗಿರುತ್ತದೆ, ಹರಿವೂ ಅಷ್ಟು ಗೊಂದಲ ಇರುವುದಿಲ್ಲ. ಒಂದೇ ದಿನ ಎರಡು ಬಾರಿ ನೋಡಿ 580, 640 ಬಂದರೆ ಎರಡೂ ಒಂದೇ ನಂಬರ್ ಅಂತ ನಾನು ಓದುತ್ತೇನೆ.

ಮೈಸೂರು ಅಕ್ಕ
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ತಂಗಿ ಗರ್ಭಿಣಿ, ಎಂಟನೇ ತಿಂಗಳು. ಮಗುವಿನ ಡಾಪ್ಲರ್ ಮಾಡಿಸಿದ್ದಾರೆ. ರಿಪೋರ್ಟ್‌ನಲ್ಲಿ ಹೊಕ್ಕುಳಬಳ್ಳಿಯ ಪಿಐ, ಎಸ್/ಡಿ ಅಂತ ಇದೆ, ವೇಗವೇ ಇಲ್ಲ. ಇಲ್ಲೂ ಕೋನದ ತಪ್ಪು ಇರುತ್ತಾ?

ರೇಡಿಯಾಲಜಿ ಡ್ಯೂಟಿ
ಬಾಯಿ ಹಾಕಿದ್ದು ಒಳ್ಳೆಯದೇ ಆಯಿತು. ಅಲ್ಲಿ ಇರುವುದೆಲ್ಲ ಅನುಪಾತ. ಮೇಲಿನ ವೇಗ, ಕೆಳಗಿನ ವೇಗ ಎರಡನ್ನೂ ಒಂದೇ ಕೊಸೈನ್‌ನಿಂದ ಭಾಗಿಸಿರುತ್ತಾರೆ, ಭಾಗಾಕಾರದಲ್ಲಿ ಅದು ಹೊಡೆದುಹೋಗುತ್ತದೆ. ಬಳ್ಳಿ ಹಗ್ಗದ ಹಾಗೆ ಸುರುಳಿ ಸುತ್ತಿರುತ್ತದೆ, ಅಲ್ಲಿ ಕೋನ ಹಾಕಲು ಹೊರಟರೆ ಮುಗಿಯಿತು.

ಅಲ್ಲಿ ಕಾಡುವುದು ಬೇರೆ, ವಾಲ್ ಫಿಲ್ಟರ್. ನಾಳದ ಗೋಡೆ ಅಲುಗುವ ಕಡಿಮೆ ಆವರ್ತನದ ಸದ್ದನ್ನು ತೆಗೆಯುವ ಜಾಲರಿ ಅದು. ಅದನ್ನು ಮೇಲೆ ಇಟ್ಟರೆ ನಿಧಾನ ಹರಿವೂ ಸೋಸಿಹೋಗುತ್ತದೆ. ಆಗ ಹೃದಯ ವಿಶ್ರಮಿಸುವ ಹೊತ್ತಿನಲ್ಲಿ ಬಳ್ಳಿಯಲ್ಲಿ ಹರಿವೇ ಇಲ್ಲ ಅಂತ ಕಾಣುತ್ತದೆ. ಅದು ನಿಜವಾಗಿದ್ದರೆ ಬಹಳ ಗಂಭೀರ ವಿಷಯ, ಹೆರಿಗೆ ಬೇಗ ಮಾಡಿಸುವ ಮಾತು ಬರುತ್ತದೆ. ಹಾಗಾಗಿ "ಹರಿವಿಲ್ಲ" ಅಂತ ಬರೆಯುವ ಮೊದಲು ಫಿಲ್ಟರನ್ನು 50–60 ಹರ್ಟ್ಸ್‌ಗೆ ಇಳಿಸಿ, ಮಗು ಅಲ್ಲಾಡದೆ ಇರುವಾಗ ಮತ್ತೆ ನೋಡಬೇಕು.

ಮಗುವಿಗೆ ರಕ್ತಹೀನತೆ ಇದೆಯಾ ಅಂತ ನೋಡಲು ಮೆದುಳಿನ ಎಂಸಿಎ ನಾಳದಲ್ಲಿ ಮಾತ್ರ ವೇಗವೇ ಬೇಕು. ಅಲ್ಲಿ ಪುಣ್ಯಕ್ಕೆ ಸೊನ್ನೆ ಡಿಗ್ರಿಯ ಹತ್ತಿರ ಕಿರಣ ಕಳಿಸಬಹುದು. 20 ಡಿಗ್ರಿ ಓರೆ ಆದರೂ ತಪ್ಪುವುದು 6%. ನಿಮ್ಮ ತಂಗಿಯ ಪಿಐ ಸರಿಯಾ ಅನ್ನುವುದು ಎಷ್ಟು ವಾರ ಅನ್ನುವುದರ ಮೇಲಿದೆ. ಅದನ್ನು ನೋಡಿದ ಡಾಕ್ಟರೇ ಹೇಳಲಿ, ಇಲ್ಲಿ ನಾವು ಹೇಳುವುದು ಬೇಡ.

ಸಂಶಯ ಸೋಮ
ಸರಿ, ಒಪ್ಪಿದೆ. ಹಾಗಾದ್ರೆ ಎಲ್ಲರೂ ಕೋನ ಎಷ್ಟು ಆಗುತ್ತೋ ಅಷ್ಟು ಕಡಿಮೆ ಇಟ್ಟರೆ ಆಯಿತಲ್ಲ? ಕುತ್ತಿಗೆಗೆ ಯಾಕೆ ಇನ್ನೂ 60?

ಪ್ರೋಬ್ ಹಿಡಿದ ಕೈ
ನಮ್ಮಲ್ಲಿ ಇದಕ್ಕೆ ನಿತ್ಯ ಜಗಳ. ಒಂದು, ಕುತ್ತಿಗೆಯ ನಾಳ ಚರ್ಮಕ್ಕೆ ಸಮಾನಾಂತರವಾಗಿ ಓಡುತ್ತದೆ, 45ಕ್ಕಿಂತ ಕೆಳಗೆ ಹೋಗುವುದು ಕಷ್ಟ. ಎರಡು, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಸ್ಟ್ರಾಂಡ್‌ನೆಸ್ ತಂಡ ಶುರುವಿನಲ್ಲೇ 60 ಅಂತ ಹಿಡಿದು ಅಳೆಯುತ್ತಾ ಬಂತು. ಈ ಪಟ್ಟಿಗಳೆಲ್ಲ ಅಂಥ ಅಳತೆಗಳ ಮೇಲೆ ನಿಂತಿವೆ. ತಂತಿ ತೊಟ್ಟಿ ಹೇಳಿದ ಆ ಪುಕ್ಕಟೆ ಸೇರ್ಪಡೆಯೂ 125, 230 ಅನ್ನುವುದರೊಳಗೆ ಸೇರಿಕೊಂಡಿದೆ. ನಾನು 45ರಲ್ಲಿ ನಿಜಕ್ಕೆ ಹತ್ತಿರದ ವೇಗ ಅಳೆದು, 60ರಲ್ಲಿ ಅಳೆದ ಪಟ್ಟಿಗೆ ಹೋಲಿಸಿದರೆ ರೋಗವನ್ನು ಕಡಿಮೆ ಹೇಳಿದ ಹಾಗಾಗುತ್ತದೆ. ನನ್ನ ಮಟ್ಟಿಗೆ, ನಿಜಕ್ಕಿಂತ ಹೋಲಿಕೆ ಮುಖ್ಯ. ಹೋದ ವರ್ಷ 60 ಇದ್ದರೆ ಈ ವರ್ಷವೂ 60.

ತಂತಿ ತೊಟ್ಟಿ
ನಾನು ಒಪ್ಪುವುದಿಲ್ಲ. ಯಂತ್ರ ಬದಲಾದ ದಿನ ನಿಮ್ಮ ಹೋಲಿಕೆ ಮುರಿದುಬೀಳುತ್ತದೆ. ಪ್ರತಿ ಆಸ್ಪತ್ರೆ ಹೊಸ ಯಂತ್ರ ತಂದಾಗ ತೊಟ್ಟಿಯಲ್ಲಿ ಇಟ್ಟು ಎಷ್ಟು ಜಾಸ್ತಿ ತೋರಿಸುತ್ತೆ ಅಂತ ಬರೆದಿಡಬೇಕು.

ಪ್ರೋಬ್ ಹಿಡಿದ ಕೈ
ಬರೆದಿಡಲಿ ಸ್ವಾಮಿ, ಬೇಡ ಅಂದವರು ಯಾರು. ತೊಟ್ಟಿ ಹೊತ್ತು ತರುವವರು ನೀವೊಬ್ಬರೇ ಇದ್ದೀರಿ.

ಬಯಲುಸೀಮೆಯವನು
ಈಗ ಅಪ್ಪನ ವಿಷಯಕ್ಕೆ ನಾನು ಮಾಡಬೇಕಾದ್ದೇನು? ಮೂರನೇ ಲ್ಯಾಬಿಗೆ ಹೋಗಲಾ?

ರೇಡಿಯಾಲಜಿ ಡ್ಯೂಟಿ
ಬೇಡ. ಮೂರನೇ ನಂಬರ್ ಬರುತ್ತದೆ ಅಷ್ಟೆ. 1991ರ ಅಮೆರಿಕ-ಕೆನಡಾದ ದೊಡ್ಡ ಅಧ್ಯಯನದಲ್ಲಿ ಆಪರೇಷನ್‌ನಿಂದ ಸ್ಪಷ್ಟ ಲಾಭ ಕಂಡಿದ್ದು 70% ಮೇಲೆ ಕಿರಿದಾಗಿ, ಪಾರ್ಶ್ವವಾಯುವಿನ ಲಕ್ಷಣವೂ ಕಾಣಿಸಿಕೊಂಡವರಿಗೆ. ನಿಮ್ಮ 142 ಆಗಲಿ 118 ಆಗಲಿ, 70%ಕ್ಕೆ ಬೇಕಾದ 230ರ ಹತ್ತಿರವೂ ಇಲ್ಲ. ಎರಡರ ಚಿತ್ರಗಳನ್ನೂ ಡಾಕ್ಟರಿಗೆ ತೋರಿಸಿ, ಬರೀ ಟೈಪ್ ಮಾಡಿದ ಹಾಳೆ ಅಲ್ಲ. ಬಿಪಿ, ಶುಗರ್, ಕೊಲೆಸ್ಟರಾಲ್ ಮಾತ್ರೆ ಅವರು ಹೇಳಿದ ಹಾಗೆ ನಡೆಯಲಿ. ಮತ್ತೆ ನೋಡಬೇಕು ಅಂದಾಗ ಗೆರೆ ಸರಿಯಾಗಿ ಕೂತಿದ್ದ ಮೊದಲನೇ ಕಡೆಗೇ ಹೋಗಿ, ಹಳೆಯ ಚಿತ್ರ ಕೈಯಲ್ಲಿ ಹಿಡಿದುಕೊಂಡು. ಮಾತು ಎಳೆಯಲು, ಬಾಯಿ ಸೊಟ್ಟ ಆಗಲು, ಒಂದು ಕೈ ಸೋಲಲು ಶುರುವಾದರೆ ಮಾತ್ರ ಯಾವ ನಂಬರನ್ನೂ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ.

ಗಣಿತದ ಮೇಷ್ಟ್ರು
ಈಗೀಗ ಕೋನ ತಾನೇ ಹಾಕುವ ಯಂತ್ರ ಬಂದಿದೆ ಅಂತಾರಲ್ಲ, ಅದರಿಂದ ಈ ತಾಪತ್ರಯ ತಪ್ಪುತ್ತದಾ?

ತಂತಿ ತೊಟ್ಟಿ
ಅರ್ಧ. ಅದು ಗೋಡೆ ಎಲ್ಲಿದೆ ಅಂತ ಹುಡುಕಿ ಗೆರೆ ಕೂರಿಸುತ್ತದೆ. ನೇರ ನಾಳದಲ್ಲಿ ಮನುಷ್ಯನಿಗಿಂತ ಒಂದೇ ಸಮನಾಗಿ ಕೂರಿಸುತ್ತದೆ, ಒಪ್ಪುತ್ತೇನೆ. ಆದರೆ ಸಿಸಿಎ ಕವಲೊಡೆಯುವ ಬಲ್ಬ್‌ನಲ್ಲಿ ರಕ್ತ ಗೋಡೆಯ ಜೊತೆ ಹೋಗುವುದಿಲ್ಲ, ಒಂದು ಪಕ್ಕ ಹಿಂದಕ್ಕೆ ಸುಳಿ ತಿರುಗುತ್ತದೆ. ಪ್ಲಾಕ್ ದಾಟಿ ಬರುವ ಜೆಟ್ ಓರೆಯಾಗಿ ಚಿಮ್ಮುತ್ತದೆ. ಅಲ್ಲಿ ಗೋಡೆ ನೋಡಿ ಏನು ಮಾಡುವುದು? ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯೆನ್ಸನ್ ಅವರ ತಂಡ ಇದಕ್ಕೇ ವೆಕ್ಟರ್ ಫ್ಲೋ ಮಾಡಿದ್ದು. ಅದು ಉದ್ದ, ಅಡ್ಡ ಎರಡೂ ದಿಕ್ಕಿನ ವೇಗ ಬೇರೆ ಬೇರೆ ಅಳೆದು ಬಾಣದ ಗುರುತಿನಲ್ಲಿ ತೋರಿಸುತ್ತದೆ, ಗೆರೆ ಕೂರಿಸುವ ಕೆಲಸವೇ ಇಲ್ಲ. ಆದರೆ ಅದರಲ್ಲಿ ಬಂದ ವೇಗವನ್ನು 2003ರ 125ಕ್ಕೆ ಹೋಲಿಸುವ ಹಾಗಿಲ್ಲ. ಅದಕ್ಕೆ ಪಟ್ಟಿಯನ್ನೇ ಹೊಸದಾಗಿ ಬರೆಯಬೇಕು.